ಹಿತ್ತಾಳೆ ಬಿಲ್ಲೆ

ಆಗಿನ ಬೇಸಿಗೆ ರಜೆಯಲ್ಲಿ ನಮಗೆ ಆಟವೆಂದರೆ ಕಬ್ಬಿಣ ಹಿಡಿಯುವುದು. ಲಿಂಗಸುಗೂರು ಕಡೆ ನಮ್ಮೂರ ಹತ್ತಿರದ ಚಿನ್ನದ ಗಣಿ ಮುಚ್ಚಿ, ಕೆಲಸಗಾರರ ಮನೆಗಳು ಪಾಳುಬಿದ್ದಿದ್ದವು. ಒಡೆದ ರೇಡಿಯೊದ ಅಯಸ್ಕಾಂತಕ್ಕೆ ದಾರ ಕಟ್ಟಿ ಆ ಮಣ್ಣಲ್ಲಿ ಎಳೆದರೆ ಮೊಳೆ, ತಂತಿ ಗಡ್ಡದಂತೆ ಅಂಟುತ್ತಿದ್ದವು. ಮಧ್ಯಾಹ್ನ ತಿಂದ ರೊಟ್ಟಿ, ಶೇಂಗಾ ಹಿಂಡಿಗೂ ತುಕ್ಕಿನ ವಾಸನೆ.

ಪಕ್ಕದ ಮನೆಯ ಯಂಕಮ್ಮ ನನ್ನ ಜೊತೆಗಾತಿ. ಅವಳ ಅಪ್ಪ ಗಣಿಯಲ್ಲಿದ್ದವನು, ತೀರಿಕೊಂಡಿದ್ದ. ಅವಳ ಅವ್ವ ದುರ್ಗವ್ವ ದಿನಾ ಹೇಳುತ್ತಿದ್ದಳು:

"ಗಣ್ಯಾಗ ಇಳಿಯಾಕ ಕೊಡ್ತಿದ್ದ ಹಿತ್ತಾಳಿ ಬಿಲ್ಲಿ, ಮ್ಯಾಲ ಅವರ ನಂಬರ್ ಐತಿ. ಮನಿ ಖಾಲಿ ಮಾಡೋವಾಗ ಅಲ್ಲೇ ಬಿತ್ತು. ಅವರ್ದು ಅಂತ ಬ್ಯಾರೆ ಏನೂ ಉಳದಿಲ್ಲ. ಸಿಕ್ಕರ ಕೊಡ್ರೆಪಾ."

ಸಿಕ್ಕಿತು. ಅವರ ಹಳೆ ಮನೆಯ ಬಚ್ಚಲ ಮೋರಿಯಲ್ಲಿ, ನನ್ನ ಕೈಗೇ. ಅಂದೇ ಗುಜರಿ ಮಾಮು ಸೈಕಲ್ ತಂದಿದ್ದ. ಸಾಮಾನಿಗೆ ಅಯಸ್ಕಾಂತ ಹಿಡಿದು ನೋಡುವುದು ಅವನ ಪದ್ಧತಿ: ಅಂಟಿದರೆ ಕಬ್ಬಿಣ, ಅಗ್ಗ, ಅಂಟದಿದ್ದರೆ ಅವನ ಕಣ್ಣು ಅರಳುತ್ತಿತ್ತು. ಬಿಲ್ಲೆ ಅಂಟಲಿಲ್ಲ.

"ಖಜೂರ ಕೊಡ್ತೀನಿ, ತಗೋ ಬೇಟಾ."

"ಖಜೂರ ನೀನ ತಿನ್ನು ಮಾಮು. ಆ ದೊಡ್ಡ ಮ್ಯಾಗ್ನೆಟ್ ಕೊಡು."

"ಹೋಗಲೇ! ಅದು ನನ್ನ ರೋಟಿ!"

ಬಿಲ್ಲೆ ಕಿಸೆಗೆ ಹಾಕಿ ಮೂರು ಹೆಜ್ಜೆ ನಡೆದೆ. ಕರೆದ. ಬಿಲ್ಲೆ ತಗೊಂಡು ಮ್ಯಾಗ್ನೆಟ್ ಕೊಟ್ಟ. ನನ್ನ ಬದುಕಿನ ಮೊದಲ ವ್ಯಾಪಾರ ಅದು.

ಯಂಕಮ್ಮ ಅಯಸ್ಕಾಂತ ಕಂಡು ಕುಣಿದಳು. "ಅಣ್ಣಾ, ಇಷ್ಟ್ ದೊಡ್ಡದಕ್ಕ ನಮ್ಮಪ್ಪನ ಬಿಲ್ಲಿ ಅಂಟತೈತಿ, ಹೌದಿಲ್ಲೋ?"

"ಹೂಂ," ಅಂದೆ.

ಶಾಲೆ ತೆರೆಯುವವರೆಗೂ ಅವಳು ಆ ಬಿಸಿಲಲ್ಲಿ ಅದನ್ನು ಎಳೆದಳು. ದುರ್ಗವ್ವ ಸಂಜೆ ಬಾಗಿಲಲ್ಲಿ ನಿಂತು ಬರೀ ಮೊಳೆಗಳನ್ನು ನೋಡುತ್ತಿದ್ದಳು.

ಈಗ ಮಸ್ಕಿಯಲ್ಲಿ ನನ್ನದೇ ಹಳೆ ಸಾಮಾನಿನ ಅಂಗಡಿ. ಕಿರಿಯರಿಗೆ ಹೇಳುತ್ತಿರುತ್ತೇನೆ: ದರ ಕೇಳುವ ಮೊದಲು ಯಾರದು ಅಂತ ಕೇಳಿರಪ್ಪಾ. ಹೋದ ತಿಂಗಳು ಮೆಟಲ್ ಡಿಟೆಕ್ಟರ್ ಕೊಂಡು ಆ ಪಾಳು ಮನೆಗಳಿಗೆ ಹೋಗಿದ್ದೆ. ಆ ಬಿಲ್ಲೆ ಅಲ್ಲಿಲ್ಲವೆಂದು ನನಗಿಂತ ಬಲ್ಲವರಾರು? ಬೇರೆ ಯಾರದಾದರೂ ಸಿಕ್ಕರೆ ಯಂಕಮ್ಮನಿಗೆ ಕೊಟ್ಟುಬಿಡೋಣ ಅನ್ನುವ ವ್ಯಾಪಾರಿ ಬುದ್ಧಿ. ಜಾಲಿ ಮುಳ್ಳಿನ ನಡುವೆ ಯಂತ್ರ ಹತ್ತಾರು ಸಲ ಕೂಗಿತು. ಸಿಕ್ಕಿದ್ದು ಸೋಡಾ ಮುಚ್ಚಳ, ಮೊಳೆ.

ಸುದ್ದಿ ತಿಳಿದು ಯಂಕಮ್ಮ ಸಿಂಧನೂರಿನಿಂದ ಫೋನ್ ಮಾಡಿದಳು. "ಈ ಮಷಿನ್ ಹಿತ್ತಾಳಿನೂ ಹಿಡಿತೈತಂತಲ್ಲಣ್ಣಾ? ಅವ್ವ ಇದ್ದಾಗ ಬರಬೇಕಿತ್ತು ನೋಡು." ಆಮೇಲೆ ನಕ್ಕಳು. "ಮ್ಯಾಗ್ನೆಟ್‌ಗೆ ಹಿತ್ತಾಳಿ ಅಂಟಂಗಿಲ್ಲ ಅಂತ ಆಗ ನಮಗೇನ್ ಗೊತ್ತಿತ್ತು, ಸಣ್ಣೋರು!"

"ಹೂಂ," ಅಂದೆ.