ಬೀಳುವ ಕಾಯಿಗೆ ಕೊಡೆ ಮಡಚುವ ಅಕ್ಕ

ಆಕಾಶಕ್ಕೆ ಹೋಗಿಬರುವ ದಾರಿ ಇನ್ನೂ ಯಾರಿಗೂ ಗೊತ್ತಿಲ್ಲದ ಕಾಲದಲ್ಲಿ ಹಕ್ಕಿಗೂ ಕಾಯಿಗೂ ಪಂದ್ಯ ಬಿತ್ತಂತೆ: ಮೇಲಿಂದ ಯಾರು ಕ್ಷೇಮವಾಗಿ ನೆಲ ಮುಟ್ಟುತ್ತಾರೆ? ಹಕ್ಕಿ ರೆಕ್ಕೆ ಚಾಚಿ ಬೇಕೆಂದಲ್ಲಿ ಇಳಿಯಿತು. ಕಾಯಿ ಕೊಡೆ ಬಿಚ್ಚಿ ತೇಲಿ ಬಂತು. ಆ ಕೊಡೆ ಮಡಚಿಕೊಟ್ಟವರು ಯಾರೆಂದು ಕತೆ ಹೇಳಿದ ಅಜ್ಜಿಗೆ ಗೊತ್ತಿರಲಿಲ್ಲ.

ನನಗೀಗ ಗೊತ್ತು. ಬೆಳಗಿನ ಐದೂವರೆ. ಎರಡು ಬಸ್ಸು ನಿಲ್ಲುವಷ್ಟು ಉದ್ದದ ಮೇಜಿನ ಪಕ್ಕ, ಬಿಳಿ ಕಾಲುಚೀಲ ತೊಟ್ಟು ಅವರು ಬಟ್ಟೆಯ ಅಂಚು ನೀವುತ್ತಿದ್ದಾರೆ. ವಯಸ್ಸು ಐವತ್ತೆಂಟು. ಬಳೆ, ಉಂಗುರ ಬಾಗಿಲಾಚೆಯ ಡಬ್ಬಿಯಲ್ಲಿವೆ. ಎಲ್ಲರ ಬಾಯಲ್ಲಿ ಇವರು ‘ಮಡಿಕೆ ಅಕ್ಕ’. ಮೂವರನ್ನು ಬಾಹ್ಯಾಕಾಶದಿಂದ ಇಳಿಸುವ ಗಂಟೆಯಾಕಾರದ ನೌಕೆಯ ಪ್ಯಾರಾಚೂಟ್ ಇವರ ಕೈಯದು. ನೂರಡಿ ಅಗಲದ ಬಟ್ಟೆ ಒಂದು ಟ್ರಂಕಿನಷ್ಟಾಗಬೇಕು.

ಇವರ ಅಣ್ಣ ದುಡಿದದ್ದು ರೆಕ್ಕೆಯ ನೌಕೆಗೆ. ಹೋಗಿಬಂದ ಪ್ರತಿ ಸಲವೂ ಅದರ ಹೊಟ್ಟೆಯ ಮೇಲಿನ, ಬೆಂಕಿಯಂಥ ಶಾಖ ತಡೆಯುವ ಬಿಲ್ಲೆಗಳನ್ನು ಒಂದೊಂದಾಗಿ ತಟ್ಟಿ ನೋಡಿ ಅಂಟಿಸುತ್ತಿದ್ದರು. ಈಗ ನಿವೃತ್ತರು. ತಂಗಿಯನ್ನು ಬೆಳಿಗ್ಗೆ ಸ್ಕೂಟರಿನಲ್ಲಿ ಬಿಟ್ಟು, ಕೋಣೆಯ ಗಾಜಿನ ಗೋಡೆಯಾಚೆ, ಕಿಂಡಿಯ ಬಳಿ ಕೂತು ಕೆಣಕುತ್ತಾರೆ.

“ನಮ್ಮದು ಮದುಮಗನ ಹಾಗೆ ರನ್‌ವೇಗೆ ಇಳೀತಿತ್ತು. ನಿಮ್ಮದು ದೊಪ್ಪಂತ ನೀರಿಗೆ!”

“ಆ ಮದುಮಗನ್ನ ಮತ್ತೆ ಹೊರಡಿಸೋಕೆ ಆರು ತಿಂಗಳು ಸಿಂಗಾರ ಮಾಡ್ತಿದ್ರಲ್ಲಣ್ಣಾ!”

ಯಾವುದು ಮೇಲು ಎಂದು ನಾನು ಕೇಳಿದೆ. ಅಕ್ಕ ನಕ್ಕರು. “ರೆಕ್ಕೆ ಇದ್ರೆ ಎಲ್ಲಿಗೆ ಇಳೀಬೇಕು ಅಂತ ಆರಿಸ್ಕೋಬಹುದು. ನಮ್ಮದಕ್ಕೆ ಆ ಭಾಗ್ಯ ಇಲ್ಲ. ಆದ್ರೆ ಕೆಡೋಕೆ ಸಾಮಾನೂ ಕಮ್ಮಿ. ಇರೋದೇ ಕಮ್ಮಿ ಅಂದ್ಮೇಲೆ ಇರೋದು ಕೆಡಬಾರ್ದು, ಅಷ್ಟೆ.”

ಮಡಚುವಾಗ ಹಗ್ಗಗಳು ಜಾರದಂತೆ ನಲವತ್ತು ಕೆಂಪು ಪಟ್ಟಿ ಕಟ್ಟುತ್ತಾರೆ. ಮಡಿಕೆ ಕೂತಂತೆ ಒಂದೊಂದನ್ನೇ ಬಿಚ್ಚಿ ತಟ್ಟೆಗೆ ಹಾಕಬೇಕು. ಹೋದ ವಾರ ಚೀಲ ಮುಚ್ಚುವ ಹೊತ್ತಿಗೆ ತಟ್ಟೆಯಲ್ಲಿದ್ದದ್ದು ಮೂವತ್ತೊಂಬತ್ತು. ನೆಲ, ತೋಳು, ಜೇಬು ಎಲ್ಲ ಜಾಲಾಡಿದರು. ಎಣಿಕೆ ತಪ್ಪಿರಬಹುದು, ಸಾಗಿಸುವ ದಿನ ಹತ್ತಿರವಾಯಿತು ಎಂದರು ಮೇಲ್ವಿಚಾರಕರು. ಅಕ್ಕ ಆರು ದಿನದ ಕೆಲಸ ಬಿಚ್ಚಿದರು. ಹದಿನೇಳನೆಯ ಮಡಿಕೆಯಲ್ಲಿ ಸಿಕ್ಕಿತು, ಹಗ್ಗಗಳ ಸುತ್ತ ಬಿಗಿಯಾಗಿ ಗಂಟು ಹಾಕಿಕೊಂಡು. ಹಾಗೇ ಹೋಗಿದ್ದರೆ ಕೊಡೆ ಅರ್ಧವೇ ಅರಳುತ್ತಿತ್ತು.

“ಕಟ್ಟಿದೋಳು ನಾನೇ, ಮರೆತೋಳೂ ನಾನೇ,” ಅನ್ನುತ್ತಾರೆ. “ಹೊರಡೋ ಮೂವರು ಇಲ್ಲಿಗೆ ಬಂದು ನನ್ನ ಕೈ ಹಿಡ್ಕೊಂಡು, ನೀವೇ ಮಡಚಿ ಅಂದಿದ್ರು. ಹೂಂ ಅಂದಿದ್ದೆ. ಮಡಚಿದ ಕೊಡೇನ ಪರೀಕ್ಷೆ ಮಾಡಿ ನೋಡೋಕಾಗಲ್ಲ ಕಣಮ್ಮಾ. ಬಿಚ್ಚಿದ್ರೆ ಅದು ಬೇರೆ ಕೊಡೆ.”

ಇವತ್ತು ಎರಡನೆಯ ಸಲದ ಆರನೆಯ ದಿನ. ಒತ್ತುಯಂತ್ರ ಬಟ್ಟೆಯನ್ನು ಮರದ ದಿಮ್ಮಿಯಷ್ಟು ಗಟ್ಟಿ ಮಾಡಿದೆ. ಅಕ್ಕ ಪಟ್ಟಿಗಳನ್ನು ಎಣಿಸುತ್ತಾರೆ. ಮತ್ತೆ ಎಣಿಸುತ್ತಾರೆ. ಆಮೇಲೆ ತಟ್ಟೆಯನ್ನು ಗಾಜಿನ ಕಿಂಡಿಯಿಂದ ಅಣ್ಣನತ್ತ ತಳ್ಳುತ್ತಾರೆ.

“ನೀನೂ ಎಣಿಸು. ಬಿಲ್ಲೆ ಎಣಿಸಿದ ಕಣ್ಣು ನಿಂದು.”

ಅಣ್ಣ ಈ ಸಲ ಕೆಣಕುವುದಿಲ್ಲ. ಕನ್ನಡಕ ಒರೆಸಿ, ಬೆರಳಿಟ್ಟು ಎಣಿಸುತ್ತಾರೆ. “ನಲವತ್ತು.”

ಅಕ್ಕ ಚೀಲದ ಬಾಯಿ ಹೊಲಿದು, ದಾರ ಕತ್ತರಿಸಿ, ಚೀಟಿಯಲ್ಲಿ ತಮ್ಮ ಹೆಸರು ಬರೆಯುತ್ತಾರೆ.