ಪೊರಕೆಯಕ್ಕನ ತೀರ್ಪು

ನಮ್ಮ ಟಾಕೀಸಿನಲ್ಲಿ ಕಸ ಗುಡಿಸುವ ಪೊರಕೆಯಕ್ಕ ಒಂದು ಸಿನಿಮಾವನ್ನೂ ಪೂರ್ತಿ ನೋಡಿದವಳಲ್ಲ, ಆದರೂ ಪತ್ರಿಕೆಗೆ ವಿಮರ್ಶೆ ಬರೆಯುವ ನನಗೆ ಗುರು ಅವಳೇ. ಆಟ ಬಿಟ್ಟ ಮೇಲೆ ಸೀಟಿನಡಿ ಒಮ್ಮೆ ಬಗ್ಗಿದರೆ ಸಾಕು, ಚಿತ್ರದ ಜಾತಕವನ್ನೇ ಹೇಳಿಬಿಡುತ್ತಾಳೆ. ಪಾಪ್‌ಕಾರ್ನ್ ಪೊಟ್ಟಣ ಪೂರ್ತಿ ಖಾಲಿಯಾಗಿದ್ದರೆ ಚಿತ್ರ ಸಪ್ಪೆ. ಅರ್ಧ ಉಳಿದಿದ್ದರೆ ಮಕ್ಕಳು ತಿನ್ನುವುದನ್ನೇ ಮರೆತಿದ್ದಾರೆ. ಟಿಕೆಟ್ಟು ಚೂರುಚೂರಾಗಿದ್ದರೆ ಅಲ್ಲಿ ಕೂತಿದ್ದವನು ಹೆಂಡತಿಯ ಬಲವಂತಕ್ಕೆ ಬಂದ ಗಂಡ. ಮೊನ್ನೆ ಮರಿಯನ್ನು ಹುಡುಕಿ ಹೊರಟ ತಾಯಿಕರಡಿಯ ಅನಿಮೇಷನ್ ಚಿತ್ರ ಬಂತು. ಉಳಿದ ವಿಮರ್ಶಕರಂತೆ ನಾನೂ "ಹಳೇ ಕಥೆ, ಎರಡು ಸ್ಟಾರ್ ಸಾಕು" ಎಂದು ಮೂಗು ಮುರಿದೆ. ಅವಳು ಕಸದ ಮೊರವನ್ನು ಆ ಮೂಗಿನ ಕೆಳಗೇ ಹಿಡಿದಳು: "ನೋಡಿ ಸಾರ್, ಪಾಪ್‌ಕಾರ್ನ್ ಹಾಗೇ ಇದೆ, ಹರಿದ ಟಿಕೆಟ್ಟು ಒಂದೂ ಇಲ್ಲ, ಒದ್ದೆ ಕರ್ಚೀಫು ಮೂರು. ಇನ್ನೇನು ಬೇಕು ನಿಮಗೆ?" ಅವುಗಳಲ್ಲೊಂದು ನನ್ನದೇ; ನಾಲ್ಕು ಸ್ಟಾರ್ ಕೊಟ್ಟೆ. ಇಷ್ಟು ಚುರುಕಿನವಳು, ಚಿತ್ರಕ್ಕೆ ದುಡಿದವರ ಹೆಸರುಗಳು ಕೊನೆಯಲ್ಲಿ ತೆರೆಯ ಮೇಲೆ ಓಡುವಾಗ ಮಾತ್ರ ಬಾಗಿಲಲ್ಲೇ ನಿಂತುಬಿಡುತ್ತಾಳೆ. ಮ್ಯಾನೇಜರ್ ಎಷ್ಟೇ ಕೂಗಾಡಲಿ, ಪೊರಕೆ ನೆಲ ಮುಟ್ಟುವುದಿಲ್ಲ. ಹೆಸರು ಶುರುವಾಗುತ್ತಲೇ ಎದ್ದು ಓಡುತ್ತಿದ್ದ ನಾನು ಒಮ್ಮೆ ಕಾರಣ ಕೇಳಿದೆ. "ಅಷ್ಟು ಬೇಗ ಓದೋಕೆ ನನಗೆ ಬರಲ್ಲ ಸಾರ್. ಆದ್ರೆ ಸಿನಿಮಾ ತೆಗೆದ ಜಾಗದಲ್ಲಿ ಕಸ ಗುಡಿಸಿದವರ ಹೆಸರು ಹಾಕಿದ್ರೆ ಅದು ಕಟ್ಟಕಡೇಲೇ ಇರುತ್ತೆ ಅಲ್ವಾ? ಅವರ ಹೆಸರು ಬರೋ ಹೊತ್ತಿಗೆ ಯಾರಾದ್ರೂ ಒಬ್ಬರು ಇರಬೇಕಲ್ಲ." ಈಗ ಕೊನೆಯ ಹೆಸರಿನವರೆಗೆ ನಾವು ಇಬ್ಬರಿರುತ್ತೇವೆ.