ಅಂಗಳದ ಅಂಬಾಸಿಡರ್

ಶಿಕಾರಿಪುರದ ಶಹಜಹಾನ್ ಬೇಗಂ ಮನೆಯಲ್ಲಿ ಮಾತು ನಡೆಯುವುದು ಉರ್ದುವಿನಲ್ಲಿ, ಜಗಳ ಮಾತ್ರ ಕನ್ನಡದಲ್ಲಿ. ಆಕೆ ಹುಟ್ಟಿ ಬೆಳೆದದ್ದು ಸೊರಬದಲ್ಲಿ. ಗಂಡನನ್ನು ತರಾಟೆಗೆ ತೆಗೆದುಕೊಳ್ಳಬೇಕೆಂದರೆ ತವರಿನ ಕನ್ನಡವೇ ಆಗಬೇಕು, ಬೇರೆ ಭಾಷೆಯಲ್ಲಿ ಬೈದರೆ ಬೈದ ಹಾಗೇ ಇರುವುದಿಲ್ಲ ಎನ್ನುವುದು ಆಕೆಯ ಅಭಿಪ್ರಾಯ. ಹೀಗಾಗಿ ಆ ಮನೆಯ ಕಾರಿನ ಕಥೆ ಇಡೀ ಓಣಿಗೆ ಬಾಯಿಪಾಠವಾಗಿತ್ತು.

ಕಾರೆಂದರೆ ಬಿಳಿ ಅಂಬಾಸಿಡರ್. ಸೊರಬದ ಅಕ್ಕಿ ಗಿರಣಿಯ ಸಾಹುಕಾರರೊಬ್ಬರ ಮನೆಯಲ್ಲಿ ಒಂದು ಕಾಲಕ್ಕೆ ಮೆರೆದು, ಇಂಜಿನ್ ಸೀಳಿ, ಮೂಲೆ ಸೇರಿದ್ದ ಅದನ್ನು ಬೇಗಂಳ ಗಂಡ ಅಜಮತ್ ಉಲ್ಲಾ ಟ್ರ್ಯಾಕ್ಟರಿಗೆ ಕಟ್ಟಿ ಎಳೆದು ತಂದಿದ್ದ. ಬೇರೆ ಇಂಜಿನ್ ಕೂರಿಸಿದರೆ ಆಯಿತು, ಒಂದು ತಿಂಗಳ ಕೆಲಸ ಎಂದಿದ್ದ. ಮಗಳು ಸಬಿಹಾ ಆಗಿನ್ನೂ ಹೈಸ್ಕೂಲಿನಲ್ಲಿದ್ದಳು. ಈಗ ಅವಳ ನಿಕಾಹ್ ಗೊತ್ತಾಗಿದೆ, ಕಾರು ಮಾತ್ರ ನಿಂತಲ್ಲೇ ನಿಂತಿದೆ. ಹಿಂದಿನ ಸೀಟಿನಲ್ಲಿ ಪಕ್ಕದ ಮನೆಯ ಕೋಳಿ ಮೊಟ್ಟೆ ಇಡುತ್ತಿತ್ತು. ಬಾನೆಟ್ಟಿನ ಮೇಲೆ ಬೇಗಂ ಸಂಡಿಗೆ ಒಣಗಿಸುತ್ತಿದ್ದಳು. ಅಷ್ಟರ ಮಟ್ಟಿಗೆ ಕಾರು ಉಪಯೋಗಕ್ಕೆ ಬಂದಿತ್ತು ಎಂದು ಒಪ್ಪಿಕೊಳ್ಳಬೇಕು.

ಅಜಮತ್ ಉಲ್ಲಾನ ಅಪ್ಪ ಕಲಾಯಿ ಕೆಲಸದವರು. ಈಸೂರು, ಬಳ್ಳಿಗಾವಿ ಎಂದು ಊರೂರು ಸುತ್ತಿ ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುತ್ತಿದ್ದರು. ಪಕ್ಕದಲ್ಲಿ ಕೂತು ತಿದಿ ಒತ್ತುವುದು ಮಗನ ಕೆಲಸ. ಮನೆಮನೆಗೂ ಸ್ಟೀಲು ಬಂದ ಮೇಲೆ ಕಲಾಯಿ ಮೂಲೆಗೆ ಬಿತ್ತು, ಮಗ ವೆಲ್ಡಿಂಗ್ ಕಲಿತ. ಇವತ್ತು ಅವನು ಮಾಡಿದ ಗೇಟು, ಕಿಟಕಿಯ ಸರಳು, ಟ್ರೈಲರು ಇಲ್ಲದ ಊರು ಆ ಕಡೆ ಸಿಗುವುದು ಕಷ್ಟ. ಅಂಬ್ಲಿಗೊಳ ಜಲಾಶಯದ ಕೆಳಗಿನ ಗದ್ದೆಯವರು ನೇಗಿಲು ಮುರಿದರೆ ಅವನ ಅಂಗಡಿಗೇ ಬರುತ್ತಾರೆ. ಸ್ವಂತ ಮನೆಯ ಗೇಟಿಗೆ ಮಾತ್ರ ತಂತಿ ಸುತ್ತಿದ್ದ, ಅದಕ್ಕೆ ಪುರುಸೊತ್ತಾಗಿರಲಿಲ್ಲ. ಜೀವಮಾನವಿಡೀ ಬೇರೆಯವರು ಹೇಳಿದ್ದನ್ನು ಬೇರೆಯವರ ಅಳತೆಗೆ ಮಾಡಿಕೊಟ್ಟ ಮನುಷ್ಯ. ಯಾರೂ ಹೇಳದೆ, ತನಗೆ ಬೇಕೆಂದು ಅವನು ಕೈಹಾಕಿದ ಕೆಲಸ ಈ ಕಾರು ಒಂದೇ.

ಇದು ಬೇಗಂಗೆ ಚೆನ್ನಾಗಿಯೇ ಗೊತ್ತಿತ್ತು. ಆದರೆ ಸೊರಬದ ಬೀಗರಿಗೆ ಗೊತ್ತಿರಲಿಲ್ಲವಲ್ಲ. ಎರಡು ಬಸ್ಸು ತುಂಬ ಜನ ಬಂದು ಇಳಿದಾಗ ಅಂಗಳದ ನಡುವೆ ಕೋಳಿಯ ಗೂಡಾದ ಕಾರೊಂದು ಕೂತಿದ್ದರೆ ಏನೆಂದುಕೊಂಡಾರು? ಬಿರಿಯಾನಿಯ ಹಂಡೆ ಎಲ್ಲಿ ಇಡುವುದು, ಜನರನ್ನು ಎಲ್ಲಿ ಕೂರಿಸುವುದು? ಆ ಯೋಚನೆಗೆ ಆಕೆಗೆ ಊಟ ಸೇರುತ್ತಿರಲಿಲ್ಲ.

ಕೊನೆಗೆ ಒಂದು ದಿನ ಗುಜರಿ ಗಿರೀಶನನ್ನು ಕರೆಸಿ, ಅವನ ಎದುರಿಗೇ ಗಂಡನಿಗೆ ಹೇಳಿದಳು.

"ನೋಡಿ ಮಾರಾಯ್ರೆ, ಶಾಮಿಯಾನದವರು ಬರೋ ಹಿಂದಿನ ದಿನ ಸಂಜೆವರೆಗೆ ಟೈಮು. ಅಷ್ಟರೊಳಗೆ ಈ ಗಾಡಿ ತಾನಾಗೇ ಎದ್ದು ಅಂಗಳ ಬಿಟ್ಟು ಹೋಗ್ಬೇಕು. ಇಲ್ಲದಿದ್ರೆ ಗಿರೀಶ ಎಳ್ಕೊಂಡು ಹೋಗ್ತಾನೆ. ಆಮೇಲೆ ನನ್ನ ಹತ್ರ ಮುಖ ಊದಿಸ್ಕೊಂಡು ಕೂರಬಾರದು."

ಅಜಮತ್ ಉಲ್ಲಾ ಕಾರಿನ ಕಡೆ ಒಮ್ಮೆ ನೋಡಿದ, ಸಬಿಹಾಳ ಕಡೆ ಒಮ್ಮೆ ನೋಡಿದ. "ಆಗ್ಲಿ" ಎಂದ. ಮಗಳ ಮದುವೆ, ಒಪ್ಪದೆ ಏನು ಮಾಡುತ್ತಾನೆ.

ಅಲ್ಲಿಂದ ಶುರುವಾಯಿತು ನೋಡಿ. ಇಷ್ಟು ವರ್ಷ ನಾಳೆ ನಾಡಿದ್ದು ಎನ್ನುತ್ತಿದ್ದವನು ಹರಿಹರದವರೆಗೂ ಹೋಗಿ, ಈಚಿನ ಕಾಲದ ಅಂಬಾಸಿಡರಿನದೊಂದು ಪೆಟ್ರೋಲ್ ಇಂಜಿನನ್ನು ಗೇರ್ ಬಾಕ್ಸ್ ಸಮೇತ ತಂದು ಇಳಿಸಿದ. ಹೆಸರಿಗೆ ಅದೂ ಅಂಬಾಸಿಡರ್ ಜಾತಿಯದೇ, ಆದರೆ ಹಳೆಯ ಇಂಜಿನ್ ಕೂತಿದ್ದ ಕಾಲುಗಳ ಮೇಲೆ ಇದು ಕೂರುವುದಿಲ್ಲ. ಮದುವೆಗೆಂದು ತಂದ ಮಿಠಾಯಿ ಡಬ್ಬಗಳ ರಟ್ಟು ಕತ್ತರಿಸಿ, ಕಾರಿನ ಹೊಟ್ಟೆಯೊಳಗೆ ಹಿಡಿದು ನೋಡಿ, ಮತ್ತೆ ಕತ್ತರಿಸಿ ಅಳತೆ ತೆಗೆದ. ಆ ಅಳತೆಗೆ ದಪ್ಪ ಕಬ್ಬಿಣದಲ್ಲಿ ಹೊಸ ಕಾಲುಗಳನ್ನು ಬೆಸೆದ. ಮಿಠಾಯಿ ಎಲ್ಲಿ ಹೋಯಿತು ಎಂದು ಯಾರೂ ಕೇಳಲಿಲ್ಲ, ಅಂಗಡಿಯ ಹುಡುಗರ ಬಾಯಿ ನೋಡಿದರೆ ಗೊತ್ತಾಗುತ್ತಿತ್ತು.

ಅಡುಗೆಮನೆಗೂ ಕಾರು ಕಾಲಿಟ್ಟಿತು. ಅರಿಶಿನದ ಡಬ್ಬಿಯ ಪಕ್ಕದಲ್ಲಿ ಒಂದು ಬೆಳಗ್ಗೆ ಕಪ್ಪಗಿನ ಮುಚ್ಚಳವೊಂದು ಕೂತಿತ್ತು, ನೆತ್ತಿಯ ಮೇಲೆ ಐದು ಮೊಂಡು ಕೊಂಬು.

"ಇದು ಯಾವ ಭೂತ?" ಎಂದಳು ಬೇಗಂ.

"ಡಿಸ್ಟ್ರಿಬ್ಯೂಟರ್ ಕ್ಯಾಪ್. ಇಂಜಿನ್ನಿಗೆ ಕಿಡಿ ಹಂಚೋದು ಇದೇ. ಒಣಗಿರೋ ಜಾಗದಾಗೆ ಇರ್ಲಿ ಅಂತ ಇಲ್ಲಿಟ್ಟೆ. ಒಳಗೆ ಒಂದು ಹನಿ ನೀರು ಹೋದ್ರೂ ಕಿಡಿ ಸತ್ತುಹೋಗ್ತದೆ."

"ನನ್ನ ಸಾರಿಗೆ ಬೀಳದಿದ್ರೆ ಸಾಕು" ಎಂದು ಬೇಗಂ ಸೌಟು ತಿರುಗಿಸಿದಳು. ಕೇಳಿಸಿಕೊಳ್ಳದವಳ ಹಾಗೆ ಇದ್ದಳು, ಆದರೆ ಕೇಳಿಸಿಕೊಂಡಿದ್ದಳು.

ಗಡುವಿನ ದಿನ ಬಂತು. ಇಂಜಿನ್ ಎತ್ತಿ ಕೂರಿಸಲು ಕ್ರೇನ್ ಎಲ್ಲಿಂದ ತರುವುದು? ಎದುರುಮನೆಯ ಉಜ್ಜಪ್ಪ ಬಂದ. ಅವನದು ಬೋರ್‌ವೆಲ್ ಮೋಟರ್ ಎತ್ತುವ, ಇಳಿಸುವ ಕೆಲಸ. ಹೊಲದಲ್ಲಿ ನಿಲ್ಲಿಸುವ ಮೂರು ಕಾಲಿನ ಕಬ್ಬಿಣದ ಪೈಪುಗಳನ್ನು ಕಾರಿನ ಮೂತಿಯ ಮೇಲೆ ನಿಲ್ಲಿಸಿದ, ನೆತ್ತಿಗೆ ಸರಪಳಿ ರಾಟೆ ಕಟ್ಟಿದ. ಅಲ್ಲಿಯವರೆಗೆ ಎಲ್ಲ ಸುಸೂತ್ರ. ಇಂಜಿನ್ನಿಗೆ ಸರಪಳಿ ಬಿಗಿಯುವಾಗ ಇಬ್ಬರಿಗೂ ಜಗಳ ಹತ್ತಿಕೊಂಡಿತು.

"ಮೋಟರ್ ಅಂದ್ರೆ ನೆಟ್ಟಗೆ ಇಳೀಬೇಕ್ರಿ ಸಾಬ್ರೆ. ಓರೆ ಆದ್ರೆ ಸಿಕ್ಕಿಹಾಕ್ಕಂತೈತಿ. ನಾನೇನು ಇವತ್ತು ಹೊಸದಾಗಿ ಇಳಸ್ತಿದೀನಾ?"

"ಉಜ್ಜಪ್ಪ, ಇದು ಬೋರ್ ಅಲ್ಲಪ್ಪ. ಮೂತಿ ಮೇಲೆ ಇರ್ಬೇಕು, ಬಾಲ ಮೊದ್ಲು ಒಳಗೆ ಹೋಗ್ಬೇಕು. ಓರೆ ಕಟ್ಟು."

ಗೊಣಗುತ್ತಲೇ ಉಜ್ಜಪ್ಪ ಓರೆ ಕಟ್ಟಿದ. ಸರಪಳಿ ಕಟಕಟನೆ ಎಳೆಯತೊಡಗಿದ. ನಾಲ್ಕು ಜನ ಸೇರಿದರೂ ಜಗ್ಗದ ಆ ಕಬ್ಬಿಣ ಮೆಲ್ಲಗೆ ನೆಲ ಬಿಟ್ಟಿತು. ಎದೆ ಮಟ್ಟಕ್ಕೆ ಏರಿತು, ತಲೆ ಮಟ್ಟಕ್ಕೆ ಏರಿತು, ಗಾಳಿಯಲ್ಲಿ ನಿಂತಿತು. ಅಡುಗೆಮನೆಯ ಕಿಟಕಿಯಲ್ಲಿ ನಿಂತ ಬೇಗಂ ಕೈಯಲ್ಲಿನ ಈರುಳ್ಳಿ ಮರೆತಳು. ಅಜಮತ್ ಉಲ್ಲಾ ಎರಡು ಬೆರಳು ತಾಗಿಸಿದ, ಅಷ್ಟು ದೊಡ್ಡ ವಸ್ತು ಅವನ ಮಾತು ಕೇಳಿದ ಹಾಗೆ ತಿರುಗಿತು. ಇನ್ನೊಮ್ಮೆ ತಾಗಿಸಿದ, ನಿಂತಿತು. ನಿದ್ದೆ ಹತ್ತಿದ ಕೂಸನ್ನು ತೊಟ್ಟಿಲಿಗೆ ಇಳಿಸುವಾಗ ಉಸಿರು ಹಿಡಿದಿರುತ್ತೇವಲ್ಲ, ಹಾಗೆ ಉಸಿರು ಹಿಡಿದು ಅದನ್ನು ಒಳಗೆ ಇಳಿಸಿಕೊಂಡ. ಮಿಠಾಯಿ ಡಬ್ಬದ ಅಳತೆಯಲ್ಲಿ ಬೆಸೆದ ಕಾಲಿನ ತೂತೂ ಇಂಜಿನ್ನಿನ ತೂತೂ ಒಂದರ ಮೇಲೊಂದು ಬಂದು ಕೂತವು, ಬೋಲ್ಟು ಕೈಯಲ್ಲೇ ತಿರುಗಿ ಒಳಗೆ ಹೋಯಿತು. ಎಷ್ಟೋ ವರ್ಷ ಒಂದೇ ಸೂರಿನಡಿ ಬಾಳಿದವನ ಮುಖದಲ್ಲಿ ಇಂಥ ಬೆಳಕನ್ನು ಬೇಗಂ ನೋಡಿರಲಿಲ್ಲ. ತಮ್ಮ ಮದುವೆಯ ದಿನವೂ ನೋಡಿರಲಿಲ್ಲ ಎಂದು ನೆನೆದು ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು.

ಮಧ್ಯಾಹ್ನದ ಹೊತ್ತಿಗೆ ತಂತಿ, ಪೈಪು ಜೋಡಿಸಿ, ಚಕ್ರಕ್ಕೆ ಗಾಳಿ ತುಂಬಿ, ಪೆಟ್ರೋಲು ಹಾಕಿದ್ದಾಯಿತು. ಅಡುಗೆಮನೆಯ ಕಪ್ಪು ಮುಚ್ಚಳ ತನ್ನ ಜಾಗ ಸೇರಿತು. ಅಜಮತ್ ಉಲ್ಲಾ ಬಿಸ್ಮಿಲ್ಲಾ ಎಂದು ಡ್ರೈವರ್ ಸೀಟಿನಲ್ಲಿ ಕೂತ. ಎತ್ತಿದ ಬಾನೆಟ್ಟು ಅವನ ಕಣ್ಣಿಗೆ ಅಡ್ಡವಾಗಿತ್ತು.

ಉಜ್ಜಪ್ಪನಿಗೆ ಒಂದು ಪದ್ಧತಿ. ಯಾವ ಹೊಲದಲ್ಲೇ ಆಗಲಿ, ಮೋಟರ್ ಇಳಿಸಿದ ಮೇಲೆ ತೆಂಗಿನಕಾಯಿ ಒಡೆದು ಅದರ ನೀರನ್ನು ಕೊಳವೆಯ ಬಾಯಿಗೆ ಹೊಯ್ಯದೆ ಸ್ವಿಚ್ ಒತ್ತಲು ಬಿಡುವವನಲ್ಲ. ಅವನ ಮೋಟರುಗಳು ನೀರಿನೊಳಗೇ ಬದುಕುವಂಥವು, ಅವಕ್ಕೆ ಒಂದು ಕಾಯಿಯ ನೀರು ಯಾವ ಲೆಕ್ಕ. ಇಲ್ಲೂ ಕಲ್ಲಿಗೆ ಕಾಯಿ ಒಡೆದ. "ಎಲ್ಲಾ ಸುಸೂತ್ರ ಆಗ್ಲೆಪ್ಪಾ" ಎಂದು ಭಕ್ತಿಯಿಂದ ಇಂಜಿನ್ನಿನ ನೆತ್ತಿಗೆ ಹೊಯ್ದ. ನೀರು ಐದು ಕೊಂಬುಗಳ ನಡುವೆ ಹರಿದು ಸಂದಿಗಳಲ್ಲಿ ಇಳಿಯಿತು. ಹೊಸ ಇಂಜಿನ್ ಅಂಟಂಟಾಗಬಾರದೆಂದು ಹೆಗಲ ಟವೆಲಿನಿಂದ ಚೊಕ್ಕವಾಗಿ ಒರೆಸಿಯೂ ಬಿಟ್ಟ. ನೋಡಿದವಳು ಕಿಟಕಿಯಲ್ಲಿದ್ದ ಬೇಗಂ ಒಬ್ಬಳೇ.

ಅಜಮತ್ ಉಲ್ಲಾ ಕೀಲಿ ತಿರುಗಿಸಿದ. ಇಂಜಿನ್ ಗಿರಗಿರನೆ ತಿರುಗಿತು, ಹತ್ತಿಕೊಳ್ಳಲಿಲ್ಲ. ಮತ್ತೆ ತಿರುಗಿಸಿದ. ಮತ್ತೆ.

ಒಂದು ಹನಿ ನೀರು ಹೋದರೂ ಕಿಡಿ ಸಾಯುತ್ತದೆ ಎಂದು ಅವನು ಹೇಳಿದ್ದು ಬೇಗಂಗೆ ನೆನಪಾಯಿತು. ಹೇಳಲು ಬಾಯಿ ತೆರೆದಳು. ತೆರೆದ ಬಾಯಿ ಹಾಗೇ ಮುಚ್ಚಿಕೊಂಡಿತು. ತಾನು ಸುಮ್ಮನಿದ್ದರೆ ಸಂಜೆಗೆ ಕಾರು ಹೋಗುತ್ತದೆ. ಅಂಗಳ ಬಯಲಾಗುತ್ತದೆ. ಬೀಗರ ಎದುರು ಮರ್ಯಾದೆ ಉಳಿಯುತ್ತದೆ. ತಾನೇನೂ ಮಾಡಿಲ್ಲವಲ್ಲ, ಕಾಯಿ ಒಡೆದವನು ಉಜ್ಜಪ್ಪ. ಹೀಗೆ ತನಗೆ ತಾನೇ ಹೇಳಿಕೊಂಡು ಈರುಳ್ಳಿ ಹೆಚ್ಚಲು ಕೂತಳು. ಕಣ್ಣಲ್ಲಿ ನೀರು ಬಂದರೆ ಈರುಳ್ಳಿ ಇತ್ತಲ್ಲ, ನೆಪಕ್ಕೆ.

ಹೊರಗೆ ಅವನು ಪೆಟ್ರೋಲ್ ನೋಡಿದ, ಬ್ಯಾಟರಿ ನೋಡಿದ. ಕಿಡಿ ಬರುತ್ತಿಲ್ಲ ಎಂದು ಗೊತ್ತಾಯಿತು. ಮುಚ್ಚಳವನ್ನು ಆಗಷ್ಟೇ ತಾನೇ ಒರೆಸಿ ಹಾಕಿದ್ದರಿಂದ ಅದರ ಮೇಲೆ ಅನುಮಾನವೇ ಹೋಗಲಿಲ್ಲ. ಕಿಡಿ ಹುಟ್ಟಿಸುವ ಕಾಯಿಲ್ ಸತ್ತಿದೆ ಎಂದುಕೊಂಡ. ಅಂಥ ಕಾಯಿಲ್ ಶಿವಮೊಗ್ಗದಲ್ಲಿ ಹುಡುಕಿ ತರುವಷ್ಟರಲ್ಲಿ ಮದುವೆಯೇ ಮುಗಿದಿರುತ್ತದೆ. ಉಜ್ಜಪ್ಪ ಪೈಪುಗಳನ್ನು ಬಿಚ್ಚಿ ಜೋಡಿಸುತ್ತ, "ಇನ್ನೊಂದು ದಿನ ಕೇಳ್ರಿ ಸಾಬ್ರೆ, ಅಕ್ಕ ಇಲ್ಲ ಅನ್ನಲ್ಲ" ಎಂದ. ಅಜಮತ್ ಉಲ್ಲಾ ಬೇಡವೆಂದು ತಲೆಯಾಡಿಸಿದ.

ಬಿಸಿಲು ಇಳಿಯುವ ಹೊತ್ತಿಗೆ ಗಿರೀಶನ ಗಾಡಿ ಬಂತು. ಗಿರೀಶನೇ ಮುಜುಗರಪಟ್ಟುಕೊಂಡು ಕೈ ಹಿಸುಕುತ್ತ ನಿಂತ.

"ಮಾತು ಅಂದ್ರೆ ಮಾತು. ಕಟ್ಟಪ್ಪ ಗಿರೀಶ" ಎಂದ ಅಜಮತ್ ಉಲ್ಲಾ. ಮುಂದಿನ ಬಂಪರಿನ ಕೆಳಗೆ ಕೊಕ್ಕೆ ಹಾಕಲು ತಾನೇ ಜಾಗ ತೋರಿಸಿಕೊಟ್ಟ. ಆಮೇಲೆ ಅಡುಗೆಮನೆಯ ಕಡೆ ತಿರುಗಿ, ಸಿಟ್ಟಿಲ್ಲದೆ, ಮೆಲ್ಲಗೆ ಹೇಳಿದ. "ಗಿರೀಶಂಗೆ ಒಂದು ಲೋಟ ಚಹಾ ಕೊಡು."

ಬೇಗಂ ಚಹಾ ಇಟ್ಟಳು. ಚಹಾ ಉಕ್ಕಿ ಒಲೆಯೆಲ್ಲ ರಾಡಿಯಾಯಿತು, ಆಕೆ ನೋಡುತ್ತಲೇ ನಿಂತಿದ್ದಳು. ಹೊರಗೆ ಸರಪಳಿ ಬಿಗಿಯುವ ಸದ್ದು ಬಂದಾಗ ಒಲೆ ಆರಿಸಿ, ಸಬಿಹಾಳ ಕೋಣೆಗೆ ನುಗ್ಗಿ, ಮದುವೆಗೆಂದು ತಂದಿದ್ದ ಕೂದಲು ಒಣಗಿಸುವ ಯಂತ್ರವನ್ನು ಡಬ್ಬ ಹರಿದು ತೆಗೆದುಕೊಂಡು, ವೈರಿನ ಸಮೇತ ಅಂಗಳಕ್ಕೆ ಬಂದಳು.

"ರೀ, ಆ ಕೊಂಬಿನ ಮುಚ್ಚಳ ಬಿಚ್ಚಿ."

"ಅದು ಸರಿ ಐತೆ..."

"ಬಿಚ್ಚಿ ಅಂದ್ರೆ ಬಿಚ್ಚಿ ಮಾರಾಯ್ರೆ. ಉಜ್ಜಪ್ಪಣ್ಣ ಕಾಯಿ ನೀರು ಅದರ ತಲೆ ಮೇಲೇ ಹೊಯ್ದಾನೆ."

ಉಜ್ಜಪ್ಪನ ಕೈಯಿಂದ ಪೈಪು ಜಾರಿತು. ಅಜಮತ್ ಉಲ್ಲಾ ಎರಡು ಕ್ಲಿಪ್ಪು ಸರಿಸಿ ಮುಚ್ಚಳ ಎತ್ತಿದ. ಒಳಗೆ ತೆಂಗಿನಕಾಯಿ ನೀರು ಮುತ್ತಿನ ಹಾಗೆ ಹನಿಹನಿಯಾಗಿ ಕೂತಿತ್ತು. ಬೇಗಂ ಮುಚ್ಚಳ ಕಿತ್ತುಕೊಂಡು ದುಪಟ್ಟಾದಿಂದ ಒರೆಸಿದಳು, ಕಿಟಕಿಯಿಂದ ವೈರು ಎಳೆದು ಬಿಸಿಗಾಳಿ ಹಿಡಿದಳು, ಒಳಗೂ ಹಿಡಿದಳು, ಕೊಂಬು ಕೊಂಬಿಗೂ ಹಿಡಿದಳು.

ಅಜಮತ್ ಉಲ್ಲಾ ಮುಚ್ಚಳ ಹಾಕಿ ಕೂತ. ಕೀಲಿ ತಿರುಗಿಸಿದ.

ಮೊದಲು ಒಂದು ಕೆಮ್ಮು. ಆಮೇಲೆ ಹೊಗೆಯ ಒಂದು ಉಂಡೆ. ಆಮೇಲೆ ಇಡೀ ಕಾರು ಮೈ ಕೊಡವಿ ಎದ್ದಿತು. ಅಷ್ಟು ವರ್ಷ ಸಂಡಿಗೆ ಹೊತ್ತಿದ್ದ ಬಾನೆಟ್ಟು ನಡುಗಿತು, ದೀಪದ ಗಾಜು ನಡುಗಿತು, ಹಿಂದಿನ ಸೀಟಿನಿಂದ ಕೋಳಿ ಕಿರುಚುತ್ತ ಹಾರಿ ಹೋಯಿತು. ನಿಧಾನವಾಗಿ ಸದ್ದು ಒಂದು ಹದಕ್ಕೆ ಬಂದು ನಿಂತಿತು. ಗಿರೀಶ ತಾನೇ ಬಗ್ಗಿ ಕೊಕ್ಕೆ ಬಿಚ್ಚಿದ. ಉಜ್ಜಪ್ಪ ಟವೆಲು ತೆಗೆದು ಕೈಮುಗಿದ. ಬೇಗಂ ಮಡ್ಗಾರ್ಡಿನ ಮೇಲೆ ಅಂಗೈ ಇಟ್ಟಳು. ಸತ್ತದ್ದು ಎಂದು ತಾನು ದಿನಾ ಬೈದ ವಸ್ತು ಅಂಗೈಯ ಕೆಳಗೆ ಬೆಚ್ಚಗೆ ಮಿಡಿಯುತ್ತಿತ್ತು. ಗುಜರಿಯ ಕಬ್ಬಿಣ, ಮಿಠಾಯಿ ಡಬ್ಬದ ಅಳತೆ, ಇವನ ಎರಡು ಕೈ. ಇಷ್ಟರಲ್ಲಿ ಇದು ಹೇಗಾಯಿತು ಎಂದು ಆಕೆಗೆ ತಿಳಿಯಲೇ ಇಲ್ಲ. "ಸುಬಹಾನಲ್ಲಾ" ಎಂದಳು, ತನಗಷ್ಟೇ ಕೇಳುವ ಹಾಗೆ.

"ಕೂತ್ಕೋ" ಎಂದು ಅವನು ಪಕ್ಕದ ಬಾಗಿಲು ತೆಗೆದ.

ಕಾರು ತಾನಾಗೇ ಅಂಗಳ ಬಿಟ್ಟು ಸೊರಬದ ರಸ್ತೆಗೆ ಬಂತು. ಊರು ದಾಟಿದ ಮೇಲೆ ಅಜಮತ್ ಉಲ್ಲಾ ಕೇಳಿದ.

"ನೀರು ಬಿದ್ದಿದ್ದು ನೀನು ಆಗ್ಲೇ ನೋಡಿದ್ಯಾ?"

"ನೋಡಿದ್ದೆ."

"ಮತ್ತೆ ಅಷ್ಟೊತ್ತು ಯಾಕೆ ಹೇಳ್ಲಿಲ್ಲ?"

"ಕಾರು ಹೋಗ್ಲಿ ಅಂತ." ಸುಳ್ಳು ಹೇಳಲು ಆಕೆಗೆ ಮನಸ್ಸಾಗಲಿಲ್ಲ. "ನೀವು ಬೈದಿದ್ರೆ, ಇನ್ನೊಂದು ದಿನ ಕೊಡು ಅಂತ ಜಗಳ ಮಾಡಿದ್ರೆ, ನಾನು ಬಾಯಿ ಬಿಡ್ತಿರ್ಲಿಲ್ಲ. ನೀವು ಗಿರೀಶಂಗೆ ಚಹಾ ಕೊಡು ಅಂದ್ರಲ್ಲ... ಆ ದನಿ ನನಗೆ ತಡ್ಕೊಳ್ಳಕ್ಕೆ ಆಗ್ಲಿಲ್ಲ."

ಅವನು ಗೇರ್ ಬದಲಿಸಿದ. ಎರಡೂ ಕಡೆ ಜೋಳದ ಹೊಲಗಳ ಮೇಲೆ ಬಿಸಿಲು ಹಳದಿಯಾಗಿತ್ತು. ಸೈಕಲ್ ಮೇಲೆ ಬರುತ್ತಿದ್ದವನೊಬ್ಬ ಇಳಿದು ನಿಂತು ಕಾರನ್ನು ನೋಡಿದ. ತಾನು ಬೆನ್ನು ನೆಟ್ಟಗೆ ಮಾಡಿ ಕೂತಿದ್ದು ಕಂಡು ಬೇಗಂಗೇ ಅಚ್ಚರಿಯಾಯಿತು.

"ರೀ."

"ಹೂಂ."

"ನಿಕಾಹ್ ಆದ್ಮೇಲೆ ಸಬಿಹಾನ ಬಾಡಿಗೆ ಕಾರಲ್ಲಿ ಕಳಿಸೋದು ಬೇಡ. ಇದರಲ್ಲೇ ಸೊರಬಕ್ಕೆ ಬಿಟ್ಟು ಬರೋಣ. ನೀವೇ ಓಡಿಸಿ."

ಕಾರು ಸ್ವಲ್ಪ ದೂರ ಹೋಯಿತು. ಆಮೇಲೆ ಅಜಮತ್ ಉಲ್ಲಾ ರಸ್ತೆಯ ಬದಿಗೆ ತೆಗೆದುಕೊಂಡು ನಿಲ್ಲಿಸಿದ. ಅವನಿಗೆ ದಾರಿ ಕಾಣುತ್ತಿರಲಿಲ್ಲ. ಬೇಗಂ ದುಪಟ್ಟಾದ ತುದಿ ಕೊಟ್ಟಳು, ಅವನು ಮುಖ ಒರೆಸಿಕೊಂಡ. ಇಂಜಿನ್ ಮಾತ್ರ ಆರಿಸಲಿಲ್ಲ.